ಮೆಕ್ಸಿಕೊದ ಕಾಳು, ನಮ್ಮ ಬಸ್ಸಾರು

ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶವರ್ಮಾ, ಮೊಮೊ, ಪರೋಟ, ಬಿರಿಯಾನಿ ಒಂದರ ಪಕ್ಕ ಒಂದು. ಮೆಕ್ಸಿಕೊದ ಹೆಸರೂ ಅಲ್ಲಲ್ಲಿ ಫಲಕಗಳ ಮೇಲೆ ಕಾಣುತ್ತದೆ. ಆದರೆ ಆ ಹೆಸರಿನಲ್ಲಿ ತಟ್ಟೆಗೆ ಬರುವುದು ಹೆಚ್ಚಾಗಿ ಚೀಸ್ ಸುರಿದ ನಾಚೋಸ್, ಇಲ್ಲವೇ ಮೈದಾ ರೊಟ್ಟಿಯಲ್ಲಿ ಸುತ್ತಿದ ಅನ್ನ. ಟ್ಯಾಕೊ ಬೆಲ್ ಕಂಪನಿ 2010ರಲ್ಲಿ ಭಾರತದ ತನ್ನ ಮೊದಲ ಮಳಿಗೆ ತೆರೆದದ್ದು ಮಲ್ಲೇಶ್ವರದ ಮಂತ್ರಿ ಮಾಲ್‌ನಲ್ಲಿ. ಎರಡು ವರ್ಷದ ನಂತರ ಕ್ಯಾಲಿಫೋರ್ನಿಯಾ ಬರಿಟೊ ಶುರುವಾದದ್ದು ದೊಮ್ಮಲೂರಿನ ಬಳಿಯ ಎಂಬೆಸಿ ಗಾಲ್ಫ್ ಲಿಂಕ್ಸ್‌ನಲ್ಲಿ. ಇವು ಅಮೆರಿಕದ ದಾರಿಯಾಗಿ ಬಂದ ಮೆಕ್ಸಿಕೊ. ಆ ದೇಶದ ಮನೆಗಳಲ್ಲಿ ದಿನನಿತ್ಯ ಒಲೆಯ ಮೇಲಿರುವ ಪಾತ್ರೆಯಲ್ಲಿ ಚೀಸೂ ಇಲ್ಲ, ಮೈದಾವೂ ಇಲ್ಲ. ಅಲ್ಲಿರುವುದು ಕಾಳು.

ಅದನ್ನು ಅವರು ಫ್ರಿಹೋಲೆಸ್ ದೆ ಓಯಾ ಎನ್ನುತ್ತಾರೆ. ಮಡಕೆಯಲ್ಲಿ ಬೇಯಿಸಿದ ಕಾಳು, ಅಷ್ಟೆ. ಒಣ ಕಾಳು, ನೀರು, ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ, ಒಂದು ಚಮಚ ಕೊಬ್ಬು, ಎಪಜೋತೆ ಎಂಬ ಘಾಟು ವಾಸನೆಯ ಸೊಪ್ಪಿನ ಒಂದು ಕಡ್ಡಿ. ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬೇಯಿಸಿ, ಕಾಳು ಮೆತ್ತಗಾದ ಮೇಲೆ ಉಪ್ಪು. ಮೊದಲ ದಿನ ಅದನ್ನು ಬಟ್ಟಲಿಗೆ ರಸದ ಸಮೇತ ಬಡಿಸಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ನಿಂಬೆರಸ, ಮೆಣಸಿನಕಾಯಿ. ಮರುದಿನ ಉಳಿದ ಕಾಳನ್ನು ಬಾಣಲೆಗೆ ಹಾಕಿ, ಕೊಬ್ಬಿನಲ್ಲಿ ಹುರಿಯುತ್ತ ಮಸೆಯುತ್ತ ಗಟ್ಟಿ ಮಾಡಿದರೆ ಅದೇ ಫ್ರಿಹೋಲೆಸ್ ರೆಫ್ರಿತೋಸ್, ಅಂದರೆ ಅಂಗಡಿಗಳಲ್ಲಿ ‘ರೀಫ್ರೈಡ್ ಬೀನ್ಸ್’ ಎಂದು ಡಬ್ಬಿಯಲ್ಲಿ ಮಾರುವ ಪದಾರ್ಥ. ಅದರಲ್ಲೂ ಮಿಕ್ಕಿದ್ದಕ್ಕೆ ಮತ್ತೆ ನೀರು ಸೇರಿಸಿದರೆ ಮೂರನೆಯ ದಿನಕ್ಕೆ ಸಾರು.

ಹಳೇ ಮೈಸೂರಿನ ಮನೆಯಲ್ಲಿ ಬೆಳೆದವರಿಗೆ ಇದು ಎಲ್ಲಿಯೋ ಕಂಡಂತಿದೆ ಅನ್ನಿಸದೆ ಇರದು. ಬಸ್ಸಾರು ಮಾಡುವಾಗ ನಾವು ಮಾಡುವುದೂ ಇದನ್ನೇ. ಕಾಳನ್ನೋ ಸೊಪ್ಪನ್ನೋ ಬೇಯಿಸಿ, ನೀರನ್ನು ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು. ಬಸಿದ ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಒಂದು ಪಾತ್ರೆಯಿಂದ ಎರಡು ಅಡುಗೆ. ಹುರುಳಿ ಕಟ್ಟಿನ ಸಾರನ್ನು ಮೂರು ದಿನ ಕುದಿಸಿ ಕುದಿಸಿ ಉಂಡವರು, ಮೂರನೆಯ ದಿನದ್ದೇ ಹೆಚ್ಚು ರುಚಿ ಎಂದು ವಾದಿಸುವವರು ಬಾಣಸವಾಡಿ, ಹೆಣ್ಣೂರು, ಕಾಚರಕನಹಳ್ಳಿಯ ಹಳೇ ಮನೆಗಳಲ್ಲಿ ಇನ್ನೂ ಇದ್ದಾರೆ. ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಯುನೆಸ್ಕೊ 2010ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬಸ್ಸಾರಿಗೆ ಅಂಥ ಪಟ್ಟಿಯೇನೂ ಸಿಕ್ಕಿಲ್ಲ. ಸಿಗದಿದ್ದರೂ ಪರವಾಗಿಲ್ಲ, ಹೋಟೆಲಿನ ಬೋರ್ಡಿನಲ್ಲಾದರೂ ಜಾಗ ಸಿಕ್ಕಿದ್ದರೆ ಚೆನ್ನಾಗಿತ್ತು.

ಇಲ್ಲೊಂದು ಸಂಗತಿ ಎಷ್ಟೋ ಜನರ ಗಮನಕ್ಕೆ ಬಂದಿರುವುದಿಲ್ಲ. ನಾವು ವಾರಕ್ಕೆರಡು ಸಲ ಪಲ್ಯ ಮಾಡುವ ಹುರುಳಿಕಾಯಿ, ಅಂದರೆ ಬೀನ್ಸ್, ಮತ್ತು ಪಂಜಾಬಿ ಢಾಬಾದ ರಾಜ್ಮಾ ಒಂದೇ ಗಿಡದ್ದು. ಎಳೆಯದಾಗಿ ಕಿತ್ತರೆ ಬೀನ್ಸ್, ಬಲಿತು ಒಣಗಲು ಬಿಟ್ಟರೆ ರಾಜ್ಮಾ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಫೇಸಿಯೋಲಸ್ ವಲ್ಗ್ಯಾರಿಸ್ ಎಂಬ ಒಂದೇ ಹೆಸರು. ಮೆಕ್ಸಿಕೊದ ಕಪ್ಪು ಕಾಳು, ಚುಕ್ಕೆಯ ಪಿಂಟೊ ಕಾಳು, ಹಳದಿ ಕಾಳು ಎಲ್ಲವೂ ಅದೇ ಜಾತಿ. ಅದರ ತವರು ಮೆಕ್ಸಿಕೊದ ಕಡೆಯ ಮಧ್ಯ ಅಮೆರಿಕ ಮತ್ತು ದಕ್ಷಿಣದ ಆಂಡಿಸ್ ಬೆಟ್ಟಗಳು. ಎರಡೂ ಕಡೆ ಜನ ಅದನ್ನು ಬೇರೆ ಬೇರೆಯಾಗಿ ಸಾಕಿ ಬೆಳೆಸಿದರು. ಬಸ್ಸಾರಿಗೂ ಸಾಗುವಿಗೂ ನಾವು ಹುಡುಕಿ ತರುವ ಡಬಲ್ ಬೀನ್ಸ್ ಇದರ ದಾಯಾದಿ, ಅದೂ ಅಮೆರಿಕ ಖಂಡದ್ದೇ. ಅವರೆ, ಹುರುಳಿ, ತೊಗರಿ ಮಾತ್ರ ಈ ಕುಟುಂಬಕ್ಕೆ ದೂರದ ನೆಂಟರು.

1809ರಲ್ಲಿ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಿಂದ ಹಲಸೂರಿನ ಬಯಲಿಗೆ ಬಂದು ದಂಡು ಕಟ್ಟಿದ ಮೇಲೆ, ಅವರ ಊಟಕ್ಕೆಂದು ‘ಇಂಗ್ಲಿಷ್ ತರಕಾರಿ’ ಬೆಳೆಯುವುದು ಸುತ್ತಲ ತೋಟದವರಿಗೆ ಕಸುಬಾಯಿತು. ಕೋಸು, ಕ್ಯಾರೆಟ್ಟಿನ ಜೊತೆಗೆ ಬೀನ್ಸೂ ಆ ಬುಟ್ಟಿಯಲ್ಲಿತ್ತು. 1927ರಲ್ಲಿ ಕಟ್ಟಿದ ಶಿವಾಜಿನಗರದ ರಸೆಲ್ ಮಾರ್ಕೆಟ್ಟು ಅದೇ ವ್ಯಾಪಾರದ ಮುಂದುವರಿಕೆ. ಲಾಲ್‌ಬಾಗಿನ ಮುಖ್ಯಸ್ಥನಾಗಿದ್ದ ಜಾನ್ ಕ್ಯಾಮರಾನ್ ತಂದು ನೆಟ್ಟ ಸೀಮೆಬದನೆ ಕೂಡ ಮೆಕ್ಸಿಕೊ ಸೀಮೆಯದೇ. ಅದು ಇಲ್ಲಿ ಎಷ್ಟು ಒಗ್ಗಿತೆಂದರೆ ತಮಿಳುನಾಡಿನವರು ಅದನ್ನು ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಹಸಿ ಬೀನ್ಸ್ ನಮ್ಮದಾಯಿತು, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ಕೋಮಲ್, ಅರ್ಕಾ ಸುವಿಧಾ ಎಂಬ ತಳಿಗಳನ್ನೂ ಕೊಟ್ಟಿತು. ಒಣಕಾಳು ಮಾತ್ರ ಉತ್ತರದ ದಾರಿ ಹಿಡಿಯಿತು. ಜಮ್ಮುವಿನಲ್ಲಿ, ಹಿಮಾಚಲದಲ್ಲಿ ನೆಲೆಯೂರಿ, ರಾಜ್ಮಾ-ಚಾವಲ್ ಆಗಿ ಎಷ್ಟೋ ಕಾಲದ ಮೇಲೆ ನಮ್ಮ ಕಿರಾಣಿ ಅಂಗಡಿಗೆ ಇಳಿಯಿತು. ಹಾಗಾಗಿಯೇ ಅದು ಇವತ್ತಿಗೂ ನಮ್ಮಲ್ಲಿ ಗರಂ ಮಸಾಲೆಯ ಗ್ರೇವಿ ಬಿಟ್ಟು ಬೇರೆ ರೂಪ ತಾಳಿಲ್ಲ.

ಹೊಲದಲ್ಲಂತೂ ಎರಡೂ ಕಡೆಯ ರೈತರ ಲೆಕ್ಕಾಚಾರ ಒಂದೇ. ಮೆಕ್ಸಿಕೊದ ಮಿಲ್ಪಾ ಎಂಬ ಪದ್ಧತಿಯಲ್ಲಿ ಮುಸುಕಿನ ಜೋಳ, ಕಾಳಿನ ಬಳ್ಳಿ, ಕುಂಬಳ ಮೂರನ್ನೂ ಒಟ್ಟಿಗೆ ಬಿತ್ತುತ್ತಾರೆ. ಜೋಳದ ದಂಟು ಹಿಡಿದು ಬಳ್ಳಿ ಏರುತ್ತದೆ, ಬಳ್ಳಿಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ, ಕುಂಬಳದ ಅಗಲ ಎಲೆ ನೆಲದ ತೇವ ಕಾಯುತ್ತದೆ. ಆಜ್ಟೆಕ್ ದೊರೆಗಳು ಊರೂರಿನಿಂದ ಕಪ್ಪವಾಗಿ ತರಿಸಿಕೊಳ್ಳುತ್ತಿದ್ದ ಸರಕಿನಲ್ಲಿ ಜೋಳದ ಕಣಜದ ಪಕ್ಕದಲ್ಲೇ ಕಾಳಿನ ಕಣಜವೂ ಇರುತ್ತಿತ್ತು ಎಂಬುದು ಮೆಂಡೋಜ ಚಿತ್ರಲಿಪಿ ಗ್ರಂಥದಲ್ಲಿ ದಾಖಲಾಗಿದೆ. ನಮ್ಮ ರಾಗಿ ಸೀಮೆಯದು ಅಕ್ಕಡಿ ಸಾಲು. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ರಾಗಿಯ ಕೆಲವು ಸಾಲಿಗೊಂದರಂತೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಇಳಿಬಿಡುತ್ತಿದ್ದರು. ಇವತ್ತು ಎಚ್‌ಆರ್‌ಬಿಆರ್, ಎಚ್‌ಬಿಆರ್ ಬಡಾವಣೆಗಳೆಂದು ಕರೆಯುವ ಜಾಗ ಬಿಡಿಎ ನಿವೇಶನವಾಗುವ ಮುಂಚೆ ಇಂಥ ಹೊಲಗಳೇ. ಹೊಲದಲ್ಲಿ ಜೊತೆಗಿದ್ದದ್ದು ತಟ್ಟೆಯಲ್ಲೂ ಜೊತೆಗಿತ್ತು. ಪೋಷಣೆಯ ಗುಟ್ಟು ಇರುವುದು ಈ ಜೊತೆಯಲ್ಲೇ.

ಕಾಳಿನ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಧಾರಾಳ, ಮಿಥಿಯೋನಿನ್ ಕಡಿಮೆ. ಏಕದಳ ಧಾನ್ಯಗಳಲ್ಲಿ ಅದು ತಿರುವುಮುರುವು. ಎರಡನ್ನೂ ಒಟ್ಟಿಗೆ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರಾಗಿಯಲ್ಲಿ ಮಿಥಿಯೋನಿನ್ ಬೇರೆ ಧಾನ್ಯಗಳಿಗಿಂತ ಚೆನ್ನಾಗಿಯೇ ಇರುವುದರಿಂದ ಕಾಳಿನ ಸಾರಿಗೆ ಮುದ್ದೆಯಷ್ಟು ಒಳ್ಳೆಯ ಜೋಡಿ ಸಿಗುವುದು ಕಷ್ಟ. ಬೇಯಿಸಿದ 100 ಗ್ರಾಂ ರಾಜ್ಮಾದಲ್ಲಿ ಸುಮಾರು 125 ಕ್ಯಾಲೊರಿ, 8ರಿಂದ 9 ಗ್ರಾಂ ಪ್ರೋಟೀನ್, 6–7 ಗ್ರಾಂ ನಾರು, ಅರ್ಧ ಗ್ರಾಂ ಕೊಬ್ಬು. ಫೋಲೇಟ್ 130 ಮೈಕ್ರೊಗ್ರಾಂನಷ್ಟು, ಪೊಟ್ಯಾಸಿಯಂ 400 ಮಿಲಿಗ್ರಾಂನಷ್ಟು, ಕಬ್ಬಿಣ 2ರಿಂದ 3 ಮಿಲಿಗ್ರಾಂ. ಐಸಿಎಂಆರ್ ಲೆಕ್ಕದಲ್ಲಿ 65 ಕೆ.ಜಿ. ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕೆ.ಜಿ. ತೂಕದ ಹೆಂಗಸಿಗೆ 46 ಗ್ರಾಂ ಪ್ರೋಟೀನ್ ಬೇಕು. ಒಂದು ದೊಡ್ಡ ಬಟ್ಟಲು ಕಾಳಿನಿಂದ ಅದರ ನಾಲ್ಕನೇ ಒಂದು ಪಾಲು ಬರುತ್ತದೆ. ಪ್ರೋಟೀನ್ ಪುಡಿಯ ಡಬ್ಬಿ ಹೊತ್ತು ಇಂದಿರಾನಗರದ ಜಿಮ್‌ಗೆ ಹೋಗುವ ಹುಡುಗರಿಗೆ ಯಾರಾದರೂ ಇದನ್ನು ಹೇಳಬೇಕು. ಕಾಳಿನ ಪಿಷ್ಟ ನಿಧಾನವಾಗಿ ಜೀರ್ಣವಾಗುವುದರಿಂದ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ, ಹೀಗಾಗಿ ಮಧುಮೇಹಿಗಳ ತಟ್ಟೆಗೂ ಅನ್ನ ಕಡಿಮೆ ಮಾಡಿ ಇದನ್ನು ಹೆಚ್ಚಿಸುವುದು ಜಾಣತನ.

ಕಬ್ಬಿಣದ ಮಾತಿಗೆ ಒಂದು ತಿದ್ದುಪಡಿ ಬೇಕು. ಕಾಳಿನಲ್ಲಿರುವ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ, ಫೈಟಿಕ್ ಆಮ್ಲ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ನೆನೆಸುವುದರಿಂದ ಅದು ಸ್ವಲ್ಪ ಸಡಿಲವಾಗುತ್ತದೆ, ವಿಟಮಿನ್ ಸಿ ಇದ್ದರೆ ಹೀರಿಕೆ ಹೆಚ್ಚುತ್ತದೆ. ಮೆಕ್ಸಿಕೊದವರು ಬಟ್ಟಲಿನ ಮೇಲೆ ಹಿಂಡುವ ನಿಂಬೆ, ಕೊಚ್ಚಿ ಹಾಕುವ ಹಸಿ ಟೊಮೆಟೊ, ಮೆಣಸಿನಕಾಯಿ ಬರೀ ರುಚಿಗಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಕಾಳಿನ ಮೇಲೆ ನಿಂಬೆ ಹಿಂಡಿ, ಊಟವಾದ ತಕ್ಷಣ ಕಾಫಿ, ಟೀ ಕುಡಿಯುವುದನ್ನು ಒಂದು ಗಂಟೆ ಮುಂದೂಡಿದರೂ ಎಷ್ಟೋ ಅನುಕೂಲ.

ಅವರ ಜೋಳದ ರೊಟ್ಟಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೆಕ್ಸಿಕೊದಲ್ಲಿ ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ಹಾಗೇ ಬಿಟ್ಟು, ತೊಳೆದು, ರುಬ್ಬಿ ತೋರ್ತಿಯಾ ತಟ್ಟುತ್ತಾರೆ. ಸುಣ್ಣದಿಂದ ಸಿಪ್ಪೆ ಬಿಡುತ್ತದೆ, ಕ್ಯಾಲ್ಸಿಯಂ ಸೇರುತ್ತದೆ, ಮುಖ್ಯವಾಗಿ ಜೋಳದಲ್ಲಿ ಕಟ್ಟಿಬಿದ್ದ ನಯಾಸಿನ್ ಬಿಡುಗಡೆಯಾಗುತ್ತದೆ. ಯುರೋಪಿನವರು ಜೋಳ ಒಯ್ದರು, ಸುಣ್ಣದ ಪಾಠ ಒಯ್ಯಲಿಲ್ಲ. ಜೋಳವನ್ನೇ ನಂಬಿದ್ದ ಅಲ್ಲಿನ ಬಡವರಿಗೆ ಪೆಲಾಗ್ರ ಎಂಬ ಚರ್ಮ, ಹೊಟ್ಟೆ, ಬುದ್ಧಿ ಮೂರನ್ನೂ ಕೆಡಿಸುವ ರೋಗ ಬಡಿಯಿತು. ನಮ್ಮ ದಖ್ಖನ್ನಿನಲ್ಲಿ ಬಿಳಿಜೋಳವನ್ನೇ ಉಣ್ಣುವ ಬಡವರಲ್ಲಿ ಇದೇ ರೋಗವನ್ನು ಕಂಡು, ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಆಸುಪಾಸಿನಲ್ಲಿ ದೊಡ್ಡ ಅಧ್ಯಯನ ನಡೆಸಿದರು. ರಾಗಿ ಉಣ್ಣುವವರಿಗೆ ಸುಣ್ಣದ ಗೊಡವೆ ಇಲ್ಲ. 100 ಗ್ರಾಂ ರಾಗಿಯಲ್ಲೇ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ.

ಈಗ ಒಲೆಯ ಹತ್ತಿರ ಬರೋಣ. ಬೆಂಗಳೂರಿನ ಪೂರ್ವದಲ್ಲಿ ಕಾಳು ಬೇಯಿಸುವವರ ಮೊದಲ ವೈರಿ ನೀರು. ‘ಬೋರ್ ನೀರಲ್ಲಿ ಬೇಳೆ ಬೇಯಲ್ಲ ಕಣ್ರೀ, ಕಾವೇರಿ ನೀರೇ ಬೇಕು’ ಎಂಬ ಮಾತನ್ನು ಲಿಂಗರಾಜಪುರದಿಂದ ಕೆ.ಆರ್. ಪುರದವರೆಗೆ ಯಾವ ಬೀದಿಯಲ್ಲೂ ಕೇಳಬಹುದು. ಇದು ಮೂಢನಂಬಿಕೆಯಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶಗಳು ಕಾಳಿನ ಸಿಪ್ಪೆಯಲ್ಲಿ, ಜೀವಕೋಶಗಳ ನಡುವೆ ಇರುವ ಪೆಕ್ಟಿನ್ ಎಂಬ ಅಂಟನ್ನು ಬಿಗಿಗೊಳಿಸುತ್ತವೆ. ಅಂಟು ಕರಗದೆ ಕಾಳು ಮೆತ್ತಗಾಗುವುದಿಲ್ಲ. ಟ್ಯಾಂಕರ್ ನೀರಿಗೂ ಇದೇ ಕತೆ, ಏಕೆಂದರೆ ಅದೂ ಎಲ್ಲೋ ಒಂದು ಬೋರಿನದೇ. ಬೇಸಿಗೆಯಲ್ಲಿ ಕಾವೇರಿ ಬಾರದ ವಾರ ಬಿಂದಿಗೆಯಲ್ಲಿ ಹಿಡಿದಿಟ್ಟ ಫಿಲ್ಟರ್ ನೀರನ್ನು ಕಾಳಿಗೆ ಮಾತ್ರ ಎತ್ತಿಡುವ ಗೃಹಿಣಿಯರಿದ್ದಾರೆ. ಅವರ ಲೆಕ್ಕ ಸರಿಯಾಗಿದೆ.

ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬಿ-1 ವಿಟಮಿನ್ ಹಾಳಾಗುತ್ತದೆ, ಹೆಚ್ಚಾದರೆ ಸಾಬೂನಿನ ರುಚಿ. ಅದಕ್ಕಿಂತ ಒಳ್ಳೆಯದು ಉಪ್ಪು. ಉಪ್ಪು ಮೊದಲೇ ಹಾಕಿದರೆ ಕಾಳು ಬೇಯದು ಎಂದು ನಮ್ಮಲ್ಲೂ ಮೆಕ್ಸಿಕೊದಲ್ಲೂ ಅಜ್ಜಿಯರು ಹೇಳುತ್ತ ಬಂದಿದ್ದಾರೆ. ಅಜ್ಜಿಯರ ಮಾತಿಗೆ ಎದುರಾಡುವುದು ನನಗೂ ಇಷ್ಟವಿಲ್ಲ, ಆದರೆ ನೆನೆಹಾಕುವ ನೀರಿಗೆ ಲೀಟರಿಗೊಂದು ದೊಡ್ಡ ಚಮಚ ಉಪ್ಪು ಹಾಕಿದರೆ ಸೋಡಿಯಂ ಹೋಗಿ ಸಿಪ್ಪೆಯ ಕ್ಯಾಲ್ಸಿಯಂ ಜಾಗದಲ್ಲಿ ಕೂರುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. ನಿಜವಾಗಿ ಅಡ್ಡಗಾಲು ಹಾಕುವುದು ಹುಳಿ. ಹುಣಸೆ, ಟೊಮೆಟೊ ಯಾವುದೇ ಇರಲಿ, ಕಾಳು ಬೆರಳಿಗೆ ನುರಿಯುವಂತಾದ ಮೇಲೆಯೇ ಹಾಕಬೇಕು. ಹಳೆಯ ಕಾಳಿಗಂತೂ ಮದ್ದೇ ಇಲ್ಲ. ವರ್ಷಗಟ್ಟಲೆ ಗೋದಾಮಿನ ಸೆಕೆಯಲ್ಲಿ ಕೂತ ರಾಜ್ಮಾ ಎಷ್ಟು ಸೀಟಿ ಹೊಡೆಸಿದರೂ ನಡುವೆ ಗಟ್ಟಿಯಾಗಿಯೇ ಉಳಿಯುತ್ತದೆ. ಕೊಳ್ಳುವಾಗ ಹೊಳಪಿರುವ, ಸಿಪ್ಪೆ ಸುಕ್ಕಾಗದ ಕಾಳು ನೋಡಿ ಆರಿಸಿ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೆಕ್ಸಿಕೊ ನಗರ ಸಮುದ್ರಮಟ್ಟದಿಂದ 2,240 ಮೀಟರ್ ಮೇಲಿದೆ, ಅಲ್ಲಿ ನೀರು 93 ಡಿಗ್ರಿಯ ಒಳಗೇ ಕುದಿದುಬಿಡುತ್ತದೆ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿ. ಅವರ ಮಡಕೆ ಗಂಟೆಗಟ್ಟಲೆ ಒಲೆಯ ಮೇಲಿರುವುದಕ್ಕೆ ಇದೂ ಒಂದು ಕಾರಣ. ಕುಕ್ಕರಿನೊಳಗೆ ಬಿಸಿ 120 ಡಿಗ್ರಿಯ ಹತ್ತಿರಕ್ಕೆ ಏರುವುದರಿಂದ ಅರ್ಧ ಗಂಟೆಯ ಕೆಲಸ. ದಕ್ಷಿಣ ಭಾರತದ ಮನೆಮನೆಗೆ ಪ್ರೆಸ್ಟೀಜ್ ಕುಕ್ಕರ್ ಕಳಿಸಿದ ಟಿಟಿಕೆ ಕಾರ್ಖಾನೆ ಇದ್ದದ್ದು ಹಳೆ ಮದ್ರಾಸ್ ರಸ್ತೆಯ ದೂರವಾಣಿನಗರದಲ್ಲೇ. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ.

ಕುಕ್ಕರಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಸಿ ರಾಜ್ಮಾದಲ್ಲಿ, ಅದರಲ್ಲೂ ಕೆಂಪು ಜಾತಿಯಲ್ಲಿ, ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ಬೇಯದ ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಆಮೇಲೆ ಭೇದಿ. ಚೆನ್ನಾಗಿ ಕುದಿಸಿದರೆ ಅದು ಪೂರ್ತಿ ನಾಶವಾಗುತ್ತದೆ, ಅರೆಬಿಸಿಯಲ್ಲಿ ಬೇಯಿಸಿದರೆ ನಾಶವಾಗದೆ ಹಸಿ ಕಾಳಿಗಿಂತಲೂ ತೀಕ್ಷ್ಣವಾಗಬಹುದು. ಈಗ ಆನ್‌ಲೈನಿನಲ್ಲಿ ತರಿಸಿಕೊಳ್ಳುವ ‘ಸ್ಲೋ ಕುಕ್ಕರ್’ಗಳಲ್ಲಿ ಒಣ ರಾಜ್ಮಾವನ್ನು ನೇರವಾಗಿ ಹಾಕಿ ಆಫೀಸಿಗೆ ಹೋಗುವುದು ಅಪಾಯ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ತಕಪಕ ಕುದಿಸಬೇಕು. ಪ್ರೆಷರ್ ಕುಕ್ಕರಿನಲ್ಲಿ ಪೂರ್ತಿ ಮೆತ್ತಗೆ ಬೇಯಿಸಿದರೆ ಯಾವ ಭಯವೂ ಇಲ್ಲ. ಮೊಳಕೆ ಕಟ್ಟಿದ ಹೆಸರುಕಾಳಿನಂತೆ ರಾಜ್ಮಾವನ್ನು ಹಸಿಯಾಗಿ ಕೋಸಂಬರಿಗೆ ಮಾತ್ರ ಹಾಕಲೇಬೇಡಿ.

ಹೊಟ್ಟೆಯುಬ್ಬರದ ದೂರು ಇನ್ನೊಂದು. ಕಾಳಿನಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ತಿಂದು ವಾಯು ಬಿಡುತ್ತವೆ. ನೆನೆಸಿದ ನೀರಿನೊಂದಿಗೆ ಒಂದಷ್ಟು ಹೊರಟುಹೋಗುತ್ತದೆ. ಮೆಕ್ಸಿಕೊದಲ್ಲಿ ಎಪಜೋತೆ ಹಾಕುವುದು, ನಾವು ಇಂಗು, ಜೀರಿಗೆ, ಬೆಳ್ಳುಳ್ಳಿ ಹಾಕುವುದು ಇದೇ ಕಾರಣಕ್ಕೆ. ವಾರಕ್ಕೊಮ್ಮೆ ಗುಡ್ಡೆ ಹಾಕಿಕೊಂಡು ತಿನ್ನುವ ಬದಲು ಸ್ವಲ್ಪ ಸ್ವಲ್ಪವಾಗಿ ದಿನವೂ ತಿಂದರೆ ಕರುಳು ಹೊಂದಿಕೊಳ್ಳುತ್ತದೆ.

ಮಾಡುವ ಕ್ರಮ ಇಷ್ಟೇ. ಕಾಲು ಕೆ.ಜಿ. ಚಿತ್ರಾ ರಾಜ್ಮಾ ತನ್ನಿ. ಮೆಕ್ಸಿಕೊದ ಪಿಂಟೊ ಕಾಳಿಗೆ ನಮ್ಮ ಕಿರಾಣಿಯಲ್ಲಿ ಸಿಗುವ ಹತ್ತಿರದ ಜೋಡಿ ಅದು. ಅವರ ಕಪ್ಪು ಕಾಳಿನ ಬದಲಿಗೆ ಇಡಿ ಉದ್ದು ಹಾಕುವವರಿದ್ದಾರೆ, ಅದು ಬೇರೆಯೇ ಕಾಳು, ಲೋಳೆ ಬರುತ್ತದೆ. ರಾತ್ರಿ ಉಪ್ಪುನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಸಿದು ತೊಳೆದು, ಕುಕ್ಕರಿಗೆ ಹಾಕಿ, ಕಾಳಿನ ಮೇಲೆ ಮೂರು ಬೆರಳು ನಿಲ್ಲುವಷ್ಟು ಹೊಸ ನೀರು. ಮುಚ್ಚಳ ಹಾಕದೆ ಹತ್ತು ನಿಮಿಷ ಜೋರಾಗಿ ಕುದಿಸಿ, ನೊರೆ ತೆಗೆಯಿರಿ. ಆಮೇಲೆ ಅರ್ಧ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಎಣ್ಣೆ. ಮುಚ್ಚಿ, ಒಂದು ಸೀಟಿಯಾದ ಮೇಲೆ ಉರಿ ಸಣ್ಣ ಮಾಡಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಪ್ರೆಷರ್ ತಾನಾಗಿಯೇ ಇಳಿಯಲಿ. ತೆರೆದು ಉಪ್ಪು ನೋಡಿ ಹಾಕಿ, ಮತ್ತೆ ಐದು ನಿಮಿಷ ಕುದಿಸಿ. ಕಂದು ಬಣ್ಣದ, ತುಸು ಮಂದವಾದ ಕಟ್ಟು ಬಂದಿರುತ್ತದೆ. ಒಂದು ಬಟ್ಟಲು ಹಾಗೇ ಕುಡಿದು ನೋಡಿ.

ಮಸೆದು ಹುರಿಯುವುದಕ್ಕೆ ಅಗಲವಾದ ಕಬ್ಬಿಣದ ಬಾಣಲೆ ಇರಲಿ. ಮೂರು ಚಮಚ ಕಡಲೆಕಾಯಿ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಅಂಚು ಕಂದಾಗುವವರೆಗೆ ಬಾಡಿಸಿ, ಎರಡು ಸೌಟು ಕಾಳನ್ನು ಅದರ ಕಟ್ಟಿನ ಸಮೇತ ಸುರಿದು, ಮಸೊಪ್ಪಿಗೆ ಬಳಸುವ ಕಡಗೋಲಿನಲ್ಲಿ ಮಸೆಯಿರಿ. ಮಿಕ್ಸಿ ಬೇಡ, ಪೂರ್ತಿ ನುಣ್ಣಗಾದರೆ ಅಂಟಾಗುತ್ತದೆ. ಅಲ್ಲೊಂದು ಇಲ್ಲೊಂದು ಇಡಿ ಕಾಳು ಹಲ್ಲಿಗೆ ಸಿಗಬೇಕು. ಅದು ಹೀರಿಕೊಂಡ ಮೇಲೆ ಮತ್ತೆರಡು ಸೌಟು. ಹೀಗೆ ಸೇರಿಸುತ್ತ ಹೋಗಿ, ಒಟ್ಟು ಮುದ್ದೆ ಹಲ್ವದಂತೆ ತಳ ಬಿಟ್ಟು ಒಂದು ಕಡೆ ಬಂದಾಗ ಇಳಿಸಿ. ಆರಿದರೆ ಇನ್ನೂ ಗಟ್ಟಿಯಾಗುವುದರಿಂದ ತುಸು ಸಡಿಲವಿರುವಾಗಲೇ ಇಳಿಸುವುದು ಲೇಸು. ಮೇಲೆ ಪುಡಿ ಮಾಡಿದ ಪನೀರ್, ಪಕ್ಕದಲ್ಲಿ ಹಸಿ ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ ಕೊಚ್ಚಿ ನಿಂಬೆ ಹಿಂಡಿದ್ದು. ಅಕ್ಕಿರೊಟ್ಟಿಗೂ ರಾಗಿರೊಟ್ಟಿಗೂ ಚೆನ್ನಾಗಿ ಹೊಂದುತ್ತದೆ. ನನ್ನ ಮತ ರಾಗಿರೊಟ್ಟಿಗೆ.

ಇನ್ನು ಅದೇ ಕುಕ್ಕರಿನ ಉಳಿದ ಕಟ್ಟು. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಕಾಳುಮೆಣಸು, ಒಂದು ಹಿಡಿ ತೆಂಗಿನತುರಿ, ಸ್ವಲ್ಪ ಹುಣಸೆ, ಒಂದು ಸೌಟು ಬೆಂದ ಕಾಳು ಇಷ್ಟನ್ನೂ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ರಾಜ್ಮಾ ಬಸ್ಸಾರು. ಅವರೆಕಾಯಿಯ ಸೊಗಡು ಇದಕ್ಕೆ ಖಂಡಿತ ಇಲ್ಲ, ಅದನ್ನು ನಿರೀಕ್ಷಿಸುವವರಿಗೆ ನಿರಾಸೆಯೇ. ಆದರೆ ಅವರೆ ಸಂಕ್ರಾಂತಿಯ ಆಚೀಚಿನ ಎರಡು ಮೂರು ತಿಂಗಳ ಅತಿಥಿ, ರಾಜ್ಮಾ ವರ್ಷವಿಡೀ ಡಬ್ಬದಲ್ಲಿರುತ್ತದೆ.

ಸಸ್ಯಾಹಾರಿಗಳು ಗಮನಿಸಬೇಕಾದ್ದು ಒಂದಿದೆ. ಮೆಕ್ಸಿಕೊದಲ್ಲಿ ಕಾಳು ಹುರಿಯುವುದು ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬಿನಲ್ಲಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಎಷ್ಟೋ ಮಂದಿ ಹೋಟೆಲಿನಲ್ಲಿ ‘ಬರೀ ಕಾಳು ತಾನೆ’ ಎಂದು ತರಿಸಿಕೊಂಡು, ಆಮೇಲೆ ವಿಷಯ ತಿಳಿದು ಕೈತೊಳೆದುಕೊಂಡದ್ದಿದೆ. ಅಲ್ಲಿ ಕೇಳಿಯೇ ತಿನ್ನಬೇಕು, ಡಬ್ಬಿಯಾದರೆ ಚೀಟಿ ಓದಬೇಕು. ಇಲ್ಲಿ ಆಮದು ಡಬ್ಬಿ ಕೊಳ್ಳುವವರಿಗೂ ಅದೇ ಮಾತು, ಉಪ್ಪಿನ ಪ್ರಮಾಣವನ್ನೂ ನೋಡಿಕೊಳ್ಳಿ. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿಗೊಳಿಸಿಕೊಂಡವರು ವೈದ್ಯರನ್ನು ಕೇಳದೆ ಈ ಅಡುಗೆಗೆ ಕೈಹಾಕಬಾರದು.

ಕಮ್ಮನಹಳ್ಳಿ, ಬಾಣಸವಾಡಿಯ ಮೆಸ್‌ ಮಾಲೀಕರಲ್ಲಿ ಒಂದು ವಿನಂತಿ. ಪರದೇಶದ, ಪರವೂರಿನ ನೂರಾರು ವಿದ್ಯಾರ್ಥಿಗಳು ನಿಮ್ಮಲ್ಲಿ ದಿನವೂ ಉಣ್ಣುತ್ತಾರೆ. ವಾರದಲ್ಲೊಂದು ದಿನ ಮಧ್ಯಾಹ್ನ ರಾಜ್ಮಾ ಬಸ್ಸಾರು, ಪಲ್ಯ, ರಾಗಿಮುದ್ದೆ ಹಾಕಿ ನೋಡಿ. ಕಾಲು ಕೆ.ಜಿ. ಕಾಳಿನಲ್ಲಿ ನಾಲ್ಕು ಜನರ ಊಟವಾಗುತ್ತದೆ, ಪನೀರ್ ಗ್ರೇವಿಗೆ ತಗಲುವ ಖರ್ಚಿನ ಅರ್ಧವೂ ಆಗುವುದಿಲ್ಲ.